ಈ ಕಂಪನಿ ಎಷ್ಟ ದಿನ ಇರ್ತೈತ್ರಿ ಸರ?

 ಇವತ್ತು ರಾಜಕೀಯ ಇಲ್ಲ. ರೆಸಾರ್ಟ್ ಇಲ್ಲ, ಬಣ ಇಲ್ಲ, ಕುರ್ಚಿ ಜಗಳ ಇಲ್ಲ. ಇವತ್ತು ಒಂದು ಮೂರು ಚಕ್ರದ ಗಾಡಿಯ ಕಥೆ ಹೇಳ್ತೀನಿ. ಗಾಡಿಯ ಕಥೆ ಅಂದರೆ ಅದನ್ನು ಮಾಡಿದ ಕಂಪನಿಯ ಕಥೆ. ಕಂಪನಿಯ ಕಥೆ ಅಂದರೆ, ಕೊನೆಗೆ, ಸಾಲ ಮಾಡಿ ಅದನ್ನು ಕೊಂಡವನ ಕಥೆ.

ಹೋದ ಶನಿವಾರ ಕದರಮಂಡಲಗಿಗೆ ಹೋಗಿದ್ದೆ. ಹಾವೇರಿ ಜಿಲ್ಲೆ, ಬ್ಯಾಡಗಿ ತಾಲೂಕು. ಆ ಕಡೆಯವರಿಗೆ ನಾನು ಪರಿಚಯ ಮಾಡಿಕೊಡಬೇಕಾದ ಊರಲ್ಲ ಅದು. ಕಾಂತೇಶನ ಊರು. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ. ಮೂವರೂ ಆಂಜನೇಯರೇ. ಮೂರೂ ದರ್ಶನವನ್ನು ಒಂದೇ ದಿನದಲ್ಲಿ ಮುಗಿಸಿದರೆ ಪುಣ್ಯ ಅಂತ ಹಿರಿಯರು ಹೇಳ್ತಾರೆ. ನನಗೆ ಅಷ್ಟು ಪುರುಸೊತ್ತು ಇರಲಿಲ್ಲ. ಒಂದೇ ದರ್ಶನ ಮಾಡಿ ಹೊರಗೆ ಬಂದೆ.

ಹೊರಗೆ ಬಂದರೆ ರಸ್ತೆಯ ಪಕ್ಕ ಒಂದು ಟಂಟಂ ನಿಂತಿದೆ. ಸಾಮಾನು ಹಾಕೋ ಟಂಟಂ. ಹಿಂದೆ ತೊಟ್ಟಿ ಖಾಲಿ. ಮುಂದೆ ಗಾಜಿಗೆ ಕಾಂತೇಶನ ಫೋಟೊ, ಒಣಗಿದ ಹೂವು. ಚಾಲಕ ಹೊರಗೆ ಕೂತಿದ್ದಾನೆ, ಮೂವತ್ತರ ಆಸುಪಾಸಿನ ಹುಡುಗ. ನನ್ನ ಗುರುತು ಹಿಡಿದು ಎದ್ದು ಬಂದ. "ಸರ, ಟೀವ್ಯಾಗ ದಿನಾ ನೋಡ್ತೇವ್ರಿ ನಿಮ್ಮನ್ನ" ಅಂದ. ಸೆಲ್ಫಿ ಕೇಳ್ತಾನೆ ಅಂದುಕೊಂಡೆ. ಕೇಳಲಿಲ್ಲ. ಪ್ರಶ್ನೆ ಕೇಳಿದ.

"ಸರ, ಇದು ಕರೆಂಟಿನ ಗಾಡಿ ಐತ್ರಿ. ಸಾಲಾ ಮಾಡಿ ತಗೊಂಡೇನಿ. ಈ ಕಂಪನಿ ಎಷ್ಟ ದಿನ ಇರ್ತೈತ್ರಿ ಸರ?"

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಕೆಲಸದಲ್ಲಿದ್ದೀನಿ. ಮಂತ್ರಿಗಳಿಗೆ ಪ್ರಶ್ನೆ ಕೇಳಿದ್ದೀನಿ, ಅವರು ಬೆವರಿದ್ದನ್ನು ನೋಡಿದ್ದೀನಿ. ಆವತ್ತು ನಾನು ಬೆವರಿದೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಏನಾಯ್ತಪ್ಪಾ ಅಂತ ಕೇಳಿದೆ. ಗಾಡಿ ಒಂದು ಸಲ ಕೈಕೊಟ್ಟಿದೆ. ಚಾರ್ಜ್ ಹತ್ತಲಿಲ್ಲ. ಊರಿನ ಮೆಕ್ಯಾನಿಕ್ ನೋಡಿದ, "ಇದ್ರಾಗ ಎಂಜಿನ್ನ ಇಲ್ಲ, ನಾ ಏನ್ ಬಿಚ್ಚಲಿ?" ಅಂದ. ಬೇರೆ ಜಿಲ್ಲೆಯಿಂದ ಆಳು ಬರಬೇಕು, ಬೆಂಗಳೂರಿನಿಂದ ಸಾಮಾನು ಬರಬೇಕು. ಹದಿನೆಂಟು ದಿನ ಗಾಡಿ ಮನೆ ಮುಂದೆ ನಿಂತಿತ್ತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಅದು ತಾರೀಖಿಗೆ ಸರಿಯಾಗಿ ಬಂತು. ಯಾವ ಕಂಪನಿ ಅಂತ ನಾನು ಹೇಳಲ್ಲ, ಆ ಹುಡುಗ ಬೇಡ ಅಂದ. ಈಗ ನಾನು ಹೇಳಲು ಹೊರಟಿರುವ ಕಂಪನಿ ಅದಲ್ಲ. ಆದರೆ ಅವನ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ, ನಮ್ಮ ರಾಜ್ಯದಲ್ಲೇ ಹುಟ್ಟಿ, ಬಿದ್ದು, ಎದ್ದು, ಹೆಸರು ಬದಲಾಯಿಸಿಕೊಂಡು ಇವತ್ತಿನವರೆಗೂ ಬಂದಿರುವ ಒಂದು ಕಂಪನಿಯ ಇತಿಹಾಸ ನೋಡಬೇಕು.

ಬೆಂಗಳೂರು. 1973. ಸುದರ್ಶನ್ ಮೈನಿ ಅನ್ನುವವರು ಒಂದು ಉದ್ಯಮ ಶುರು ಮಾಡ್ತಾರೆ. ಮೈನಿ ಗ್ರೂಪ್. ಯಂತ್ರಕ್ಕೆ ಬೇಕಾದ ಬಿಡಿಭಾಗ ಮಾಡೋದು ಅವರ ಕಸುಬು. ಜೊತೆಗೆ ಇನ್ನೊಂದು ಮಾಡ್ತಿದ್ದರು. ಕಾರ್ಖಾನೆಯ ಒಳಗೆ ಸಾಮಾನು ಸಾಗಿಸುವ ಬ್ಯಾಟರಿ ಗಾಡಿ. ಈ ಒಂದು ಅಂಶ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ. ಕಾರಿಗಿಂತ ಮೊದಲು ಆ ಮನೆಯಲ್ಲಿ ಹುಟ್ಟಿದ್ದು ಸಾಮಾನಿನ ಗಾಡಿ.

ಅವರ ಮಗ ಚೇತನ್ ಮೈನಿ. ಓದೋಕೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದ ಹುಡುಗ. ಅಲ್ಲಿ ವಿದ್ಯಾರ್ಥಿಗಳೆಲ್ಲ ಸೇರಿ ಸೂರ್ಯನ ಬೆಳಕಿನಲ್ಲಿ ಓಡುವ ಕಾರು ಕಟ್ಟಿದರು. 1990ರಲ್ಲಿ ಅದು ಆಸ್ಟ್ರೇಲಿಯಾದ ಸೋಲಾರ್ ಕಾರುಗಳ ರೇಸಿನಲ್ಲಿ ಓಡಿ ಮೂರನೇ ಸ್ಥಾನ ಪಡೆಯಿತು. ಆ ಹುಚ್ಚು ತಲೆಗೆ ಹತ್ತಿದ ಮೇಲೆ ಇಳಿಯಲಿಲ್ಲ. 1994ರಲ್ಲಿ ಮೈನಿ ಗ್ರೂಪ್ ಮತ್ತು ಅಮೆರಿಕದ ಅಮೆರಿಗಾನ್ ಸೇರಿ ಬೆಂಗಳೂರಿನಲ್ಲಿ ಕಂಪನಿ ಕಟ್ಟಿದವು. ಹೆಸರು ರೇವಾ. ಅದು ಚೇತನ್ ಅವರ ತಾಯಿಯ ಹೆಸರೂ ಹೌದು.

2001ರಲ್ಲಿ ಕಾರು ರಸ್ತೆಗೆ ಬಂತು. ಬೆಂಗಳೂರಿನವರಿಗೆ ನೆನಪಿರಬೇಕು. ಬೆಂಕಿಪೊಟ್ಟಣದ ಹಾಗೆ ಪುಟ್ಟದು, ಎರಡು ಬಾಗಿಲು, ಮುಂದೆ ಇಬ್ಬರು, ಹಿಂದೆ ಮಕ್ಕಳು. ಸಿಗ್ನಲ್‌ನಲ್ಲಿ ನಿಂತರೆ ಜನ ನೋಡಿ ನಗುತ್ತಿದ್ದರು. ನಾನೂ ನಕ್ಕಿದ್ದೀನಿ, ಸುಳ್ಳು ಯಾಕೆ ಹೇಳಲಿ? ಅದರ ಸೀಟಿನ ಕೆಳಗೆ ಸೀಸದ ಬ್ಯಾಟರಿಗಳು. ನಿಮ್ಮ ಮನೆಯ ಯುಪಿಎಸ್‌ನಲ್ಲಿ ಇರುತ್ತಲ್ಲ, ಅದೇ ಜಾತಿ. ಭಾರ ಜಾಸ್ತಿ, ಆಯುಷ್ಯ ಕಡಿಮೆ, ಆಗಾಗ ನೀರು ಹಾಕಬೇಕು. ಒಂದು ಚಾರ್ಜಿಗೆ 80 ಕಿಲೋಮೀಟರ್.

ಇಲ್ಲಿ ನಗೆಪಾಟಲಾದ ಕಾರು ಲಂಡನ್ನಿನಲ್ಲಿ ಓಡಿತು. 2003ರಲ್ಲಿ ಲಂಡನ್ ನಗರದ ಮಧ್ಯಭಾಗಕ್ಕೆ ಗಾಡಿ ತಂದರೆ ಶುಲ್ಕ ಕಟ್ಟಬೇಕು ಅನ್ನೋ ನಿಯಮ ಬಂತು. ಕರೆಂಟಿನ ಗಾಡಿಗೆ ಆಗ ಶುಲ್ಕ ಇರಲಿಲ್ಲ. 2004ರಿಂದ ನಮ್ಮ ರೇವಾ ಅಲ್ಲಿ ಜಿ-ವಿಜ್ ಅನ್ನೋ ಹೆಸರಿನಲ್ಲಿ ಮಾರಾಟವಾಯಿತು. ಅಲ್ಲಿನ ಟೀವಿ ಕಾರ್ಯಕ್ರಮದವರು ಗೇಲಿ ಮಾಡಿದರು. ಆದರೂ ಜನ ಕೊಂಡರು. ಯಾಕೆ? ಶುಲ್ಕ ಉಳಿಯುತ್ತಿತ್ತು. ಇದರಲ್ಲಿ ಮೊದಲ ಪಾಠ ಇದೆ ವೀಕ್ಷಕರೇ. ಕರೆಂಟಿನ ಗಾಡಿಯನ್ನು ಜನ ಪರಿಸರದ ಮೇಲಿನ ಪ್ರೀತಿಗೆ ಕೊಳ್ಳಲ್ಲ. ಲೆಕ್ಕ ಕೂಡಿದರೆ ಕೊಳ್ತಾರೆ, ಕೂಡದಿದ್ದರೆ ಬಿಡ್ತಾರೆ. ಲಂಡನ್ನಿನವನೂ ಅಷ್ಟೆ, ಬ್ಯಾಡಗಿಯವನೂ ಅಷ್ಟೆ.

ಭಾರತದಲ್ಲಿ ಲೆಕ್ಕ ಕೂಡಲಿಲ್ಲ. ಹತ್ತಾರು ದೇಶಕ್ಕೆ ಹೋದರೂ ಒಟ್ಟು ಮಾರಾಟವಾದ ರೇವಾ ಕಾರುಗಳು ಕೆಲವು ಸಾವಿರ ಮಾತ್ರ. 2010ರ ಮೇ ತಿಂಗಳಲ್ಲಿ ಮಹೀಂದ್ರ ಕಂಪನಿ ಬಂದು ರೇವಾದ 55.2 ಶೇಕಡ ಪಾಲು ತೆಗೆದುಕೊಂಡಿತು. ಮಹೀಂದ್ರಕ್ಕೂ ಇದು ಹೊಸದಲ್ಲ. 1999ರಲ್ಲೇ ಅವರು ಬಿಜ್ಲೀ ಅಂತ ಕರೆಂಟಿನ ಮೂರು ಚಕ್ರದ ಗಾಡಿ ತಂದಿದ್ದರು. 2004ರಲ್ಲಿ ಅದನ್ನು ಮುಚ್ಚಿದರು. ಬಿಜ್ಲೀ ಕೊಂಡವರು ಆಮೇಲೆ ಬ್ಯಾಟರಿಗೆ, ಬಿಡಿಭಾಗಕ್ಕೆ ಎಲ್ಲಿ ಅಲೆದರು ಅಂತ ಯಾವ ಚಾನೆಲ್ಲೂ ತೋರಿಸಲಿಲ್ಲ. ನಾವೂ ತೋರಿಸಲಿಲ್ಲ. ಕದರಮಂಡಲಗಿಯ ಹುಡುಗನ ಪ್ರಶ್ನೆ ಹೊಸದೇನೂ ಅಲ್ಲ ನೋಡಿ. ಕೇಳುವ ಕಿವಿ ಇರಲಿಲ್ಲ, ಅಷ್ಟೆ.

ಎರಡನೇ ಪಾಠ ಸರ್ಕಾರದ್ದು. 2010ರ ಕೊನೆಗೆ ಕೇಂದ್ರ ಸರ್ಕಾರ ಕರೆಂಟಿನ ಗಾಡಿಗೆ ಸಬ್ಸಿಡಿ ಘೋಷಿಸಿತು. 2012ರ ಮಾರ್ಚಿಗೆ ಅದು ಮುಗಿಯಿತು. ಮುಂದುವರಿಸಲಿಲ್ಲ. ಸಬ್ಸಿಡಿ ನಿಂತದ್ದೇ ತಡ, ಮಾರಾಟ ಕುಸಿದುಬಿತ್ತು. ಅದೇ 2012ರಲ್ಲಿ ಬೊಮ್ಮಸಂದ್ರದಲ್ಲಿ ರೇವಾದ ಹೊಸ ಕಾರ್ಖಾನೆ ಶುರುವಾಗಿತ್ತು, ವರ್ಷಕ್ಕೆ 30,000 ಕಾರು ಮಾಡುವ ಸಾಮರ್ಥ್ಯದ್ದು. ಕಾರ್ಖಾನೆ ಇದೆ, ಗಿರಾಕಿ ಇಲ್ಲ. 2013ರ ಮಾರ್ಚಿನಲ್ಲಿ ಇ-ಟು-ಒ ಅನ್ನೋ ಹೊಸ ಕಾರು ತಂದರು. ಈ ಸಲ ಲಿಥಿಯಂ ಬ್ಯಾಟರಿ. ಬೆಲೆ ದೆಹಲಿಯಲ್ಲಿ ಆರು ಲಕ್ಷದ ಹತ್ತಿರ. ಆ ದುಡ್ಡಿಗೆ ಡಿಕ್ಕಿ ಇರುವ, ಐದು ಜನ ಕೂರುವ ಪೆಟ್ರೋಲ್ ಕಾರು ಸಿಗುವಾಗ ಇದನ್ನು ಯಾರು ಕೊಳ್ತಾರೆ? ಅದೂ ಸೋತಿತು.

ಸೋತ ಕಂಪನಿ ಎರಡರಲ್ಲಿ ಒಂದು ಮಾಡುತ್ತೆ. ಬೀಗ ಹಾಕುತ್ತೆ, ಇಲ್ಲ ಯೋಚನೆ ಮಾಡುತ್ತೆ. ಇವರು ಯೋಚನೆ ಮಾಡಿದರು. 2016ರಲ್ಲಿ ಹೆಸರು ಬದಲಾಯಿತು. ರೇವಾ ಹೋಗಿ ಮಹೀಂದ್ರ ಎಲೆಕ್ಟ್ರಿಕ್ ಆಯಿತು. ಅದೇ ವರ್ಷ ಇ-ಸುಪ್ರೋ ಅಂತ ಸಾಮಾನು ಸಾಗಿಸುವ ವ್ಯಾನ್ ಬಂತು. 2018ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ ಟ್ರಿಯೋ ಅನ್ನೋ ಪ್ರಯಾಣಿಕರ ಆಟೊ ಬಂತು. 2020ರ ಅಕ್ಟೋಬರಿನಲ್ಲಿ, ಕೊರೋನಾ ಕಾಲದಲ್ಲಿ, ಜನ ಮನೆಯಲ್ಲೇ ಕೂತು ಉಪ್ಪಿನಿಂದ ಹಿಡಿದು ಮೊಬೈಲ್‌ವರೆಗೆ ಎಲ್ಲವನ್ನೂ ಬಾಗಿಲಿಗೆ ತರಿಸಿಕೊಳ್ಳುತ್ತಿದ್ದಾಗ, ಟ್ರಿಯೋ ಜೋರ್ ಬಂತು. ಸಾಮಾನಿನ ಟಂಟಂ. 550 ಕಿಲೋ ಭಾರ ಹೊರುತ್ತೆ. ಬ್ಯಾಟರಿ 7.37 ಯೂನಿಟ್‌ನದು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಹಾಕಿದರೆ ನಾಲ್ಕು ತಾಸಿನೊಳಗೆ ಚಾರ್ಜು. 2021ರ ಫೆಬ್ರವರಿಯಲ್ಲಿ ಅಮೆಜಾನ್ ಕಂಪನಿ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸುಮಾರು 100 ಟ್ರಿಯೋ ಜೋರ್ ಗಾಡಿಗಳನ್ನು ಓಡಿಸಲು ಶುರು ಮಾಡಿತು.

ಕಾರು ಸೋತ ಕಡೆ ಟಂಟಂ ಗೆದ್ದಿತು. ಯಾಕೆ ಗೆದ್ದಿತು? ಕಾರು ಇಟ್ಟುಕೊಂಡವನು ಇವತ್ತು ಹತ್ತು ಕಿಲೋಮೀಟರ್ ಹೋಗ್ತಾನೆ, ನಾಳೆ ಮದುವೆಗೆ ಅಂತ ಮುನ್ನೂರು ಹೋಗ್ತಾನೆ. ಅವನಿಗೆ ದಾರಿಯಲ್ಲಿ ಚಾರ್ಜ್ ಖಾಲಿಯಾಗುವ ಭಯ. ಸಾಮಾನಿನ ಗಾಡಿಗೆ ಆ ಭಯ ಇಲ್ಲ. ದಿನಾ ಅದೇ ರಸ್ತೆ, ಅದೇ ಗೋದಾಮು, ಅದೇ ಅಂಗಡಿ. ರಾತ್ರಿ ಮನೆಗೇ ಬರುತ್ತೆ. ಇದೇನು ಹೊಸ ಜ್ಞಾನ ಅಲ್ಲ. ಇಂಗ್ಲೆಂಡಿನಲ್ಲಿ ನಮ್ಮಜ್ಜನ ಕಾಲದಲ್ಲೇ ಮನೆಮನೆಗೆ ಹಾಲು ಹಾಕುವ ಗಾಡಿಗಳು ಬ್ಯಾಟರಿಯಲ್ಲಿ ಓಡುತ್ತಿದ್ದವು. ನಸುಕಿನಲ್ಲಿ ಸದ್ದಿಲ್ಲದೆ ಬಂದು ಬಾಟಲಿ ಇಟ್ಟು ಹೋಗುತ್ತಿದ್ದವು.

ಎರಡನೇ ಕಾರಣ ಬ್ಯಾಟರಿಯ ಬೆಲೆ. 2010ರಲ್ಲಿ ಲಿಥಿಯಂ ಬ್ಯಾಟರಿ ಒಂದು ಯೂನಿಟ್ ಸಾಮರ್ಥ್ಯಕ್ಕೆ ಸಾವಿರ ಡಾಲರ್‌ಗಿಂತ ಮೇಲೆ ಇತ್ತು. 2020ಕ್ಕೆ ಅದು 137 ಡಾಲರ್‌ಗೆ ಇಳಿಯಿತು. ಚೇತನ್ ಮೈನಿ ಹತ್ತು ವರ್ಷ ಮೊದಲೇ ಅಂಗಡಿ ತೆಗೆದುಬಿಟ್ಟಿದ್ದರು, ಸರಕು ಆಮೇಲೆ ಅಗ್ಗವಾಯಿತು. ಮೊದಲು ಬಂದವನಿಗೆ ಮುಳ್ಳು, ಆಮೇಲೆ ಬಂದವನಿಗೆ ದಾರಿ.

ಮೂರನೇ ಕಾರಣ ಲೆಕ್ಕ. ಬನ್ನಿ, ಕದರಮಂಡಲಗಿಯಲ್ಲೇ ಕೂತು ಲೆಕ್ಕ ಹಾಕೋಣ. ದಿನಕ್ಕೆ 80 ಕಿಲೋಮೀಟರ್ ಓಡ್ತಾನೆ ಅಂತ ಹಿಡಿಯಿರಿ. ಡೀಸೆಲ್ ಟಂಟಂ ಲೀಟರಿಗೆ 30 ಕಿಲೋಮೀಟರ್ ಕೊಡುತ್ತೆ, ಡೀಸೆಲ್ 90 ರೂಪಾಯಿ ಅಂತ ಹಿಡಿಯಿರಿ. ದಿನಕ್ಕೆ 240 ರೂಪಾಯಿ. ಕರೆಂಟಿನ ಗಾಡಿಗೆ ಅಷ್ಟೇ ಓಟಕ್ಕೆ 9 ಯೂನಿಟ್, ಯೂನಿಟ್ಟಿಗೆ 7 ರೂಪಾಯಿ ಅಂತ ಹಿಡಿಯಿರಿ. 63 ರೂಪಾಯಿ. ದಿನಕ್ಕೆ 177 ರೂಪಾಯಿ ಉಳಿತಾಯ. ತಿಂಗಳಲ್ಲಿ 25 ದಿನ ಓಡಿದರೆ 4,400 ರೂಪಾಯಿ ಮೇಲೆ. ಮಗಳ ಶಾಲೆ ಫೀಸು ಅದರಲ್ಲಿ ಬರುತ್ತೆ. ಆ ಹುಡುಗ ದಡ್ಡನಲ್ಲ ವೀಕ್ಷಕರೇ. ಈ ಲೆಕ್ಕ ಹಾಕಿಯೇ ಅವನು ಗಾಡಿ ತಗೊಂಡಿದ್ದು.

ಆದರೆ ಗಾಡಿ ಹದಿನೆಂಟು ದಿನ ನಿಂತರೆ? ನಾಲ್ಕು ತಿಂಗಳ ಉಳಿತಾಯ ಒಂದೇ ಸಲಕ್ಕೆ ಹೋಯ್ತು. ಅದೂ ಬ್ಯಾಡಗಿ ಮೆಣಸಿನಕಾಯಿಯ ಸುಗ್ಗಿಯಲ್ಲಿ ನಿಂತರೆ? ಫೆಬ್ರವರಿ, ಮಾರ್ಚಿನಲ್ಲಿ ಆ ಮಾರುಕಟ್ಟೆ ನೋಡಿದವರಿಗೆ ಗೊತ್ತು. ಕೆಂಪು ಸಮುದ್ರ. ಕಡ್ಡಿ, ಡಬ್ಬಿ, ಚೀಲದ ಮೇಲೆ ಚೀಲ. ವರ್ಷದ ದುಡಿಮೆ ಆ ಎರಡು ಮೂರು ತಿಂಗಳಲ್ಲಿ. ಮೆಣಸಿನಕಾಯಿ ಚೀಲಕ್ಕೆ ತೂಕಕ್ಕಿಂತ ಗಾತ್ರ ಜಾಸ್ತಿ, ಇಂಥ ಗಾಡಿಗೆ ಹೇಳಿ ಮಾಡಿಸಿದ ಸರಕು. ಹತ್ತಿರದ ಹಳ್ಳಿಯಿಂದ ಬ್ಯಾಡಗಿಗೆ ಹೋಗಿ ಬರೋದಕ್ಕೆ ಒಂದು ಚಾರ್ಜು ಧಾರಾಳ ಸಾಕು. ಹುಬ್ಬಳ್ಳಿಗೆ ಹೋಗಿ ಬಾ ಅಂದರೆ ಆಗಲ್ಲ, ಅದು ಬೇರೆ ಮಾತು. ಆ ಸುಗ್ಗಿಯಲ್ಲಿ ಗಾಡಿ ನಿಂತರೆ ಹಮಾಲನಿಗೆ, ರೈತನಿಗೆ ಬೇರೆ ಗಾಡಿ ಸಿಗುತ್ತೆ. ಇವನಿಗೆ ಬೇರೆ ಹೊಟ್ಟೆ ಸಿಗಲ್ಲ.

ಮತ್ತೆ ಕಂಪನಿಗೆ ಬರೋಣ. 2023ರಲ್ಲಿ ಈ ವ್ಯವಹಾರ ಇನ್ನೊಂದು ಹೆಸರು ಪಡೆಯಿತು. ಮಹೀಂದ್ರ ಲಾಸ್ಟ್ ಮೈಲ್ ಮೊಬಿಲಿಟಿ. ಲಾಸ್ಟ್ ಮೈಲ್ ಅಂದರೆ ಕೊನೆಯ ಮೈಲಿ. ಸರಕು ರೈಲಿನಲ್ಲಿ, ಲಾರಿಯಲ್ಲಿ ಎಷ್ಟೇ ದೂರ ಬರಲಿ, ಗೋದಾಮಿನಿಂದ ನಿಮ್ಮ ಬಾಗಿಲಿಗೆ ಬರುವ ಕೊನೆಯ ಹಾದಿ. ಕಾಂತೇಶನ ಸನ್ನಿಧಿಯಲ್ಲಿ ನಿಂತಾಗ ನನಗೆ ಒಂದು ತಮಾಷೆ ಹೊಳೆಯಿತು. ಕೊನೆಯ ಮೈಲಿ ಡೆಲಿವರಿಯ ಮೊದಲಿಗ ನಮ್ಮ ಹನುಮಪ್ಪನೇ ಅಲ್ಲವೇ? ಉಂಗುರ ತಗೊಂಡು ಹೋಗಿ ಸರಿಯಾದ ವಿಳಾಸಕ್ಕೆ ಕೊಟ್ಟ. ಸಂಜೀವಿನಿ ಯಾವುದು ಅಂತ ಗೊತ್ತಾಗದಿದ್ದಾಗ ಬೆಟ್ಟವನ್ನೇ ಹೊತ್ತು ತಂದ. ಡೀಸೆಲ್ ಇಲ್ಲ, ಹೊಗೆ ಇಲ್ಲ, ಕಂತೂ ಇಲ್ಲ.

ಅದೇ ವರ್ಷ ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ ಸಂಸ್ಥೆ ಈ ಕಂಪನಿಗೆ 600 ಕೋಟಿ ರೂಪಾಯಿ ಹಾಕಲು ಒಪ್ಪಿತು. 2024ರ ಅಕ್ಟೋಬರಿನಲ್ಲಿ ಜಿಯೋ ಅನ್ನೋ ನಾಲ್ಕು ಚಕ್ರದ ಕರೆಂಟಿನ ಸಾಮಾನು ಗಾಡಿಯೂ ಬಂತು. ಕಾರ್ಖಾನೆಯೊಳಗೆ ಸಾಮಾನು ಸಾಗಿಸುವ ಗಾಡಿಯಿಂದ ಶುರುವಾದದ್ದು, ಕಾರಿನ ಕನಸು ಕಂಡು, ಲಂಡನ್ ನೋಡಿ, ಸೋತು, ಮಾರಾಟವಾಗಿ, ಮತ್ತೆ ಸಾಮಾನಿನ ಗಾಡಿಗೇ ಬಂದು ನಿಂತಿತು. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದು ಇದಕ್ಕೇ.

ಚೇತನ್ ಮೈನಿ ಏನಾದರು? 2017ರಲ್ಲಿ ಅವರು ಇನ್ನೊಬ್ಬರ ಜೊತೆ ಸೇರಿ ಸನ್ ಮೊಬಿಲಿಟಿ ಕಟ್ಟಿದರು. ಅಲ್ಲಿ ಗಾಡಿ ಮಾರಲ್ಲ, ಬ್ಯಾಟರಿ ಬದಲಾಯಿಸಿ ಕೊಡ್ತಾರೆ. ಗ್ಯಾಸ್ ಸಿಲಿಂಡರ್ ಇದ್ದ ಹಾಗೆ. ಖಾಲಿ ಕೊಡು, ತುಂಬಿದ್ದು ತಗೋ. ಬ್ಯಾಟರಿ ಕೆಟ್ಟರೆ ಅದು ಚಾಲಕನ ತಲೆನೋವಲ್ಲ. ಇಪ್ಪತ್ತು ವರ್ಷ ಬ್ಯಾಟರಿ ಜೊತೆ ಏಗಿದ ಮನುಷ್ಯ ಕೊನೆಗೆ ಕಂಡುಕೊಂಡ ಉತ್ತರ ಏನು ಅಂದರೆ, ಬಡವನ ತಲೆ ಮೇಲಿಂದ ಮೊದಲು ಬ್ಯಾಟರಿಯ ಭಾರ ಇಳಿಸಬೇಕು ಅಂತ. ಉತ್ತರ ಸರಿ. ಆದರೆ ಬೆಂಗಳೂರಿನಲ್ಲಿ ಸಾವಿರಾರು ಗಾಡಿ ಇವೆ, ಅಂಥ ಅಂಗಡಿ ನಡೆಯುತ್ತೆ. ಐದಾರು ಗಾಡಿ ಇರುವ ಊರಿನಲ್ಲಿ ಯಾರಿಗೆ ಗಿಟ್ಟುತ್ತೆ?

ಈಗ ಸರ್ಕಾರಕ್ಕೆ ಬರ್ತೀನಿ. ಕರೆಂಟಿನ ಗಾಡಿಗೆ ಪ್ರತ್ಯೇಕ ನೀತಿ ಮಾಡಿದ ದೇಶದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ಹೆಮ್ಮೆ ಪಡೋಣ. ಕೇಂದ್ರದ್ದು 2019ರಲ್ಲಿ ಫೇಮ್ ಎರಡನೇ ಹಂತ, 10,000 ಕೋಟಿ. ಮೂರು ಚಕ್ರದ ಗಾಡಿಗೆ ಬ್ಯಾಟರಿಯ ಪ್ರತಿ ಯೂನಿಟ್ಟಿಗೆ 10,000 ರೂಪಾಯಿ ಸಬ್ಸಿಡಿ. 2024ರಲ್ಲಿ ಅದು 5,000 ಆಯಿತು, ಆಮೇಲೆ ಪಿಎಂ ಇ-ಡ್ರೈವ್ ಯೋಜನೆಯಲ್ಲಿ 2,500ಕ್ಕೆ ಇಳಿಯಿತು. ಸಬ್ಸಿಡಿ ಇಳಿಸಬಾರದು ಅಂತ ನಾನು ಹೇಳ್ತಿಲ್ಲ. ಊರುಗೋಲು ಶಾಶ್ವತ ಅಲ್ಲ. ನಾನು ಕೇಳೋದು ಬೇರೆ. ಆ ಸಬ್ಸಿಡಿ ನಮ್ಮ ನಿಮ್ಮ ತೆರಿಗೆ ದುಡ್ಡು. ಗಾಡಿ ಮಾರಾಟವಾದ ಮೇಲೆ ಕಂಪನಿಯ ಲೆಕ್ಕಕ್ಕೆ ಸೇರುತ್ತಿತ್ತು. ಮೂರನೇ ವರ್ಷ ಆ ಗಾಡಿಗೆ ಬಿಡಿಭಾಗ ಸಿಗುತ್ತಾ ಇಲ್ವಾ ಅಂತ ನೋಡೋರು ಯಾರು?

ನಾನು ದೊಡ್ಡ ದೊಡ್ಡ ಬೇಡಿಕೆ ಇಡಲ್ಲ. ಮೂರೇ ಮೂರು. ಒಂದು, ಸರ್ಕಾರದ ದುಡ್ಡು ಮುಟ್ಟಿದ ಪ್ರತಿ ಕಂಪನಿಯೂ ಇಷ್ಟು ವರ್ಷ ಬಿಡಿಭಾಗ ಕೊಡ್ತೀನಿ, ಬ್ಯಾಟರಿ ಕೊಡ್ತೀನಿ ಅಂತ ಮುಚ್ಚಳಿಕೆ ಬರೆದುಕೊಡಲಿ. ಕಂಪನಿ ಮುಚ್ಚಿದರೂ ಆ ಕೆಲಸ ನಡೆಯುವಂತೆ ಒಂದು ಠೇವಣಿ ಇಡಲಿ. ಎರಡು, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಐಟಿಐ ಹುಡುಗರಿಗೆ ಈ ಗಾಡಿ ಬಿಚ್ಚಿ ಜೋಡಿಸೋದನ್ನು ಕಲಿಸಿ. ಡೀಸೆಲ್ ಟಂಟಂ ಹಳ್ಳಿಹಳ್ಳಿಗೆ ಹೋಗಿದ್ದು ಕಂಪನಿಯ ಜಾಹೀರಾತಿನಿಂದ ಅಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಮೆಕ್ಯಾನಿಕ್ ಅದನ್ನು ರಿಪೇರಿ ಮಾಡಬಲ್ಲವನಾಗಿದ್ದ, ಅದಕ್ಕೆ ಹೋಯಿತು. ಮೂರು, ಬ್ಯಾಡಗಿಯಂಥ ಎಪಿಎಂಸಿ ಪ್ರಾಂಗಣದೊಳಗೆ ಹತ್ತು ಪ್ಲಗ್ ಹಾಕಿ. ಬೇರೇನೂ ಬೇಡ, 15 ಆಂಪಿಯರ್‌ದು. ಚೀಲ ಇಳಿಸಿ, ಟೆಂಡರ್ ಮುಗಿಯುವಷ್ಟರಲ್ಲಿ ಗಾಡಿಯ ಹೊಟ್ಟೆಯೂ ತುಂಬಿರುತ್ತೆ.

"ಈ ಕಂಪನಿ ಎಷ್ಟ ದಿನ ಇರ್ತೈತ್ರಿ ಸರ?" ಆ ಹುಡುಗನಿಗೆ ಆವತ್ತು ಉತ್ತರ ಕೊಡಲಿಲ್ಲ. ಇವತ್ತು ಕೊಡ್ತೀನಿ. ತಮ್ಮಾ, ಕಂಪನಿ ಎಷ್ಟು ದಿನ ಇರುತ್ತೆ ಅಂತ ಅದನ್ನು ಕಟ್ಟಿದವರಿಗೇ ಗೊತ್ತಿರಲ್ಲ. ರೇವಾ ಅನ್ನೋ ಹೆಸರೇ ಇವತ್ತು ಯಾವ ಗಾಡಿಯ ಮೇಲೂ ಹೊಸದಾಗಿ ಬರ್ತಿಲ್ಲ. ಅದು ಉಳಿದದ್ದು ಬೇರೆಯವರ ಕೈ ಸೇರಿ, ಬೇರೆ ಹೆಸರು ಪಡೆದು. ಬಿಜ್ಲೀ ಉಳಿಯಲೇ ಇಲ್ಲ. ಕಂಪನಿ ಬರ್ತಾವೆ, ಹೋಗ್ತಾವೆ. ಅದು ವ್ಯಾಪಾರದ ಧರ್ಮ. ಆದರೆ ಕಂಪನಿ ಹೋದರೂ ನಿನ್ನ ಗಾಡಿ ನಿಲ್ಲಬಾರದು. ಅದು ಸರ್ಕಾರದ ಧರ್ಮ. ಆ ಮಾತನ್ನು ಕೇಳಬೇಕಾದವರಿಗೆ ಕೇಳಿಸೋದು ನಮ್ಮ ಧರ್ಮ. ಬಿಜ್ಲೀ ನಿಂತಾಗ ನಾವು ಆ ಕೆಲಸ ಮಾಡಲಿಲ್ಲ. ಈಗ ಮಾಡ್ತಿದ್ದೀವಿ.

ಹೊರಡುವಾಗ ಅವನು ಗಾಡಿ ಶುರು ಮಾಡಿದ. ಸದ್ದೇ ಇಲ್ಲ. ಶುರುವಾಗಿದೆಯಾ ಅಂತ ನಾನು ಕೇಳಬೇಕಾಯಿತು. "ಆಗೇತ್ರಿ ಸರ, ಬ್ಯಾಡಗಿಗೆ ಬಾಡಗಿ ಐತಿ, ಬರ್ತೇನ್ರಿ" ಅಂದ. ಗುಡಿಯ ಕಡೆ ತಿರುಗಿ ಒಂದು ಕೈ ಎತ್ತಿ ಮುಗಿದು ಹೊರಟ.

ಅವನು ಕೈ ಮುಗಿದದ್ದು ಕಾಂತೇಶನಿಗೆ. ಕಂಪನಿಯ ಜವಾಬ್ದಾರಿಯನ್ನೂ, ಸರ್ಕಾರದ ಜವಾಬ್ದಾರಿಯನ್ನೂ ಕಾಂತೇಶನ ಮೇಲೇ ಹಾಕಿ ನಾವು ಸುಮ್ಮನೆ ಕೂರಬಾರದು ಅಲ್ಲವೇ? ಯೋಚನೆ ಮಾಡಿ.